ಹಾಲವ್ವ ಬಿಟ್ಟ ಖಾರ

ಡಾಕ್ಟರಾಗುವ ಆಸೆಯಿಂದ ಹನ್ನೊಂದನೇ ತರಗತಿಗೆ ಸೇರುವ ಮಕ್ಕಳಿಗೆ ಅನುರಾಧಾ ಮೊದಲ ವಾರ ಪುಸ್ತಕ ತೆರೆಯಲು ಬಿಡುವುದಿಲ್ಲ. ಮಲಾಡಿನ ಜೂನಿಯರ್ ಕಾಲೇಜೊಂದರಲ್ಲಿ ಅವಳು ಕೆಮಿಸ್ಟ್ರಿ ಕಲಿಸುತ್ತಾಳೆ. ಮನೆಯ ಹಿರಿಯರು ದಿನಾ ನುಂಗುವುದನ್ನು, ತಿನ್ನುವುದನ್ನು ತನ್ನಿ ಎನ್ನುತ್ತಾಳೆ. ಮಕ್ಕಳು ಅಜ್ಜನ ಎದೆಯುರಿ ಗುಳಿಗೆ, ಅತ್ತೆಯ ಟಾನಿಕ್, ಹಪ್ಪಳ, ಫರಸಾಣ್ ಹಿಡಿದು ಬರುತ್ತಾರೆ. ಗುಳಿಗೆ ಎಷ್ಟು ಆಮ್ಲವನ್ನು ತಣಿಸುತ್ತದೆ, ಟಾನಿಕ್ಕಿನಲ್ಲಿ ಕಬ್ಬಿಣ ಎಷ್ಟಿದೆ ಎಂದು ತಾವೇ ಅಳೆಯುತ್ತಾರೆ. ಉಪ್ಪು ಅಳೆಯುವ ಪ್ರಯೋಗದ ಹತ್ತಿರ ಮಾತ್ರ ಅವಳು ಪ್ರತಿವರ್ಷವೂ ಸ್ವತಃ ನಿಲ್ಲುತ್ತಾಳೆ. ಯಾಕೆಂದು ಮಕ್ಕಳಿಗೆ ತಿಳಿಯದು.

ಅವಳ ಅಪ್ಪ ಖಂಡಪ್ಪ, ಅವ್ವ ಹಾಲವ್ವ ವಿಜಯಪುರದ ಕಡೆಯವರು. ಮುಂಬಯಿಗೆ ಬಂದು ಕಟ್ಟಡಗಳಿಗೆ ಇಟ್ಟಿಗೆ ಹೊತ್ತು ಸಯನ್‌ನ ಚಾಳಿನಲ್ಲಿ ಮಗಳನ್ನು ಓದಿಸಿದರು. ಅನುರಾಧಾ ಎಂ.ಎಸ್ಸಿ. ಓದುತ್ತಿದ್ದಾಗ ಹಾಲವ್ವನಿಗೆ ತಲೆಸುತ್ತು ಶುರುವಾಯಿತು. ಖಂಡಪ್ಪ ಸ್ಟೇಷನ್ ಹತ್ತಿರದ ದವಾಖಾನೆಗೆ ಕರೆದೊಯ್ದ. ಡಾಕ್ಟರು ಬಿ.ಪಿ. ನೋಡಿ, ಗುಳಿಗೆ ಬರೆದು, ತಲೆಯೆತ್ತದೆ ಹೇಳಿದರು: "ಖಾರಾ ಏಕ್‌ದಮ್ ಬಂದ್."

ಡಾಕ್ಟರ ಹಿಂದಿಯಲ್ಲಿ ಖಾರಾ ಎಂದರೆ ಉಪ್ಪಿನದು. ಹಾಲವ್ವನ ಕನ್ನಡದಲ್ಲಿ ಖಾರ ಎಂದರೆ ಮೆಣಸಿನಕಾಯಿ.

"ಖಾರ ಬಿಟ್ರ ಊಟದಾಗ ಏನ್ ಉಳೀತದ?" ಎಂದು ಅವಳು ಅತ್ತಳು. ಆದರೂ ಬಿಟ್ಟಳು. ಕೆಂಪು ಚಟ್ನಿಯ ಗಡಿಗೆಯನ್ನು ನೆರೆಮನೆಗೆ ಕೊಟ್ಟುಬಿಟ್ಟಳು. ಬಾಯಿ ಸಪ್ಪೆಯೆಂದು ಬೇಳೆಗೆ, ಮಜ್ಜಿಗೆಗೆ, ರೊಟ್ಟಿಯ ಹಿಟ್ಟಿಗೆ ಇನ್ನಷ್ಟು ಉಪ್ಪು ಬಿತ್ತು. ಅವಳ ವ್ರತಕ್ಕೆ ಮರುಗಿ ಖಂಡಪ್ಪನೇ ಉಪ್ಪಿನ ಹಪ್ಪಳ ಸುಟ್ಟು ಕೊಡುತ್ತಿದ್ದ. ಮಳೆಗಾಲ ಮುಗಿಯುವಷ್ಟರಲ್ಲಿ ಲಕ್ವಾ ಹೊಡೆದು, ರೊಟ್ಟಿ ಬಡಿಯುತ್ತಿದ್ದ ಬಲಗೈ ಸತ್ತುಹೋಯಿತು.

ದೊಡ್ಡಾಸ್ಪತ್ರೆಯಲ್ಲಿ ಉಪ್ಪು ಬಿಡಿಸಿದಾಗಲೇ ಆ ತಪ್ಪು ತಿಳಿದದ್ದು. ಅನುರಾಧಾ ಅವ್ವನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಅದೇ ದವಾಖಾನೆಗೆ ಕೇಳಲು ಹೋದಳು. ಡಾಕ್ಟರು ಪೂರ್ತಿ ಕೇಳಿಸಿಕೊಂಡರು. ಆಮೇಲೆ, ಇವಳು ಮೆಣಸಿನಕಾಯಿ ಬಿಟ್ಟಳಲ್ಲ ಎಂದು ನಕ್ಕರು. "ಅರೇ, ಇಸ್‌ನೇ ತೋ ಮಿರ್ಚಿ ಛೋಡ್ ದೀ!" ಕಾಂಪೌಂಡರ್ ನಕ್ಕ. ಸರದಿಯಲ್ಲಿ ಕೂತವರೂ ನಕ್ಕರು. ಹಾಲವ್ವನಿಗೆ ಹಿಂದಿ ಅರ್ಥವಾಗಲಿಲ್ಲ, ನಗು ಅರ್ಥವಾಯಿತು.

"ಮೈನೇ ತೋ ಬೋಲಾ ಥಾ. ಸಮಝೇ ನಹೀಂ ತೋ ಮೈ ಕ್ಯಾ ಕರೂಂ?" ನಾನು ಹೇಳಿದ್ದೆ, ತಿಳಿಯದಿದ್ದರೆ ನಾನೇನು ಮಾಡಲಿ ಎಂದು ಡಾಕ್ಟರು ಮುಂದಿನವರನ್ನು ಕರೆದರು.

ಕೇಸು ಹಾಕಲು ಹೋದರೆ ಫೋರ್ಟ್ ಕಡೆಯ ವಕೀಲರು ಬಾಯಿಮಾತಿಗೆ ಸಾಕ್ಷಿ ಇಲ್ಲವೆಂದರು. ಅನುರಾಧಾ ಆ ನಗುವನ್ನು ಮನೆಗೆ ತಂದಳು, ಕೂಸಿನಂತೆ ಸಾಕಿದಳು. ಅವ್ವನ ಬಾಯಿಗೆ ಗಂಜಿ ಹಾಕುವಾಗಲೆಲ್ಲ ಅದಕ್ಕೂ ಒಂದು ಚಮಚ ಹಾಕಿದಳು. ಆ ಮನುಷ್ಯ ನಾಲ್ಕು ಜನರೆದುರು ಒಮ್ಮೆ ತಪ್ಪಾಯಿತು ಎನ್ನಬೇಕು. ಅವಳಿಗೆ ಬೇಕಿದ್ದದ್ದು ಅಷ್ಟೇ.

ಈ ವರ್ಷ ಮಕ್ಕಳ ಪ್ರಯೋಗಗಳ ಪ್ರದರ್ಶನಕ್ಕೆ ಅತಿಥಿಯಾಗಿ ಡಾಕ್ಟರೊಬ್ಬರು ಬೇಕೆಂದು ಪ್ರಿನ್ಸಿಪಾಲರು ಕೇಳಿದಾಗ ಅವಳು ಆ ಹೆಸರು ಕೊಟ್ಟಳು. "ನಮ್ಮ ಅವ್ವನ ಡಾಕ್ಟರ್, ಸರ್." ಅದು ಸುಳ್ಳಲ್ಲ.

ಡಾಕ್ಟರು ಬಂದರು. ಅವಳ ಗುರುತು ಹಿಡಿಯಲಿಲ್ಲ. ಸಭೆ ಮುಗಿಯುವ ಮುಂಚೆ ಎದ್ದು ನಿಂತು ಹಾಲವ್ವನ ಬಗ್ಗೆ ಕೇಳುವುದೆಂದು ಅನುರಾಧಾ ಗಟ್ಟಿಮಾಡಿಕೊಂಡಿದ್ದಳು. ಅಷ್ಟರಲ್ಲಿ ಅವರೇ ಮೈಕಿನಲ್ಲಿ ಶುರುಮಾಡಿದರು: "ಬಚ್ಚೋಂ, ಏಕ್ ಬಾಯಿ ಆಯೀ ಥೀ. ನಮಕ್ ಬಂದ್ ಬೋಲಾ, ಉಸ್‌ನೇ ಮಿರ್ಚಿ ಬಂದ್ ಕರ್ ದೀ!" ಉಪ್ಪು ಬಿಡು ಎಂದರೆ ಮೆಣಸಿನಕಾಯಿ ಬಿಟ್ಟ ಹೆಂಗಸಿನ ಕಥೆಗೆ ಸಭಾಂಗಣ ಘೊಳ್ಳೆಂದು ನಕ್ಕಿತು. ಅವಳ ಮಕ್ಕಳೂ ನಕ್ಕರು.

ಅನುರಾಧಾ ಎದ್ದು ಲ್ಯಾಬಿಗೆ ನಡೆದಳು. ಎಸೆಯಲೆಂದು ಕಪಾಟಿನಲ್ಲಿ ಇಟ್ಟಿದ್ದ, ನಲ್ಲಿ ಸೋರುವ ಬ್ಯುರೆಟ್ಟನ್ನು, ಹನಿ ಅಳೆಯುವ ಗಾಜಿನ ಕೊಳವೆಯನ್ನು, ತೆಗೆದು ಉಪ್ಪಿನ ಮೇಜಿನ ಸ್ಟ್ಯಾಂಡಿಗೆ ಸಿಕ್ಕಿಸಿ, ಸಿಲ್ವರ್ ನೈಟ್ರೇಟ್ ತುಂಬಿದಳು. ನೋಡಲು ಅದು ನೀರಿನಂತಿರುತ್ತದೆ. ಚರ್ಮಕ್ಕೆ ತಾಗಿದಾಗ ಏನೂ ತಿಳಿಯುವುದಿಲ್ಲ. ಆಮೇಲೆ ಬೆಳಕು ಬಿದ್ದಂತೆ ಕಪ್ಪಾಗುತ್ತದೆ, ಯಾವ ಸಾಬೂನಿಗೂ ಹೋಗುವುದಿಲ್ಲ. ಗ್ಲೌಸ್ ಇಲ್ಲದೆ ಅದನ್ನು ಮುಟ್ಟಲು ಅವಳು ಯಾವ ಮಗುವಿಗೂ ಬಿಟ್ಟವಳಲ್ಲ.

ಆ ಮೇಜು ಸೋನಾಲಿಯದು. ಕಲಬುರಗಿಯವರ ಮಗಳು, ಕನ್ನಡ ಕೇಳಿಸಿಕೊಂಡು ಹಿಂದಿಯಲ್ಲಿ ಉತ್ತರಿಸುವವಳು. ಹಪ್ಪಳ ನೆನೆಸಿ ಸೋಸಿದ ನೀರಿಗೆ ಹಳದಿ ಬಣ್ಣ ಹಾಕಿಟ್ಟಿದ್ದಳು. ಬ್ಯುರೆಟ್ಟಿನ ಹನಿಗಳಿಂದ ಅದು ಇಟ್ಟಿಗೆಯ ಕೆಂಪಿಗೆ ತಿರುಗಿದರೆ ಉಪ್ಪಿನ ಲೆಕ್ಕ ಸಿಕ್ಕಂತೆ.

ಸಭೆ ಮುಗಿದು ಡಾಕ್ಟರು ಲ್ಯಾಬಿಗೆ ಬಂದಾಗ, ನೀವೇ ಮಾಡುತ್ತೀರಾ ಎಂದು ಸೋನಾಲಿ ಕೇಳಿದಳು: "ಸರ್, ಆಪ್ ಕರೋಗೇ?"

ಡಾಕ್ಟರು ಅಂಗಿಯ ತೋಳು ಮಡಚಿದರು. ಅನುರಾಧಾ ಹತ್ತಿರ ಬಂದು, ನಗುತ್ತ, ಮೆತ್ತಗೆ ಹೇಳಿದಳು: "ಕೈಗವಸು ಹಾಕ್ಕೋರೀ ಡಾಕ್ಟರ್ ಸಾಹೇಬ್ರ."

ಮುಂಬಯಿಯ ಯಾವ ಕನ್ನಡಿಗನ ಮನೆಯಲ್ಲೂ ಗ್ಲೌಸಿಗೆ ಕೈಗವಸು ಎನ್ನುವುದಿಲ್ಲ. ಅವಳು ಅದನ್ನು ಶಾಲೆಯ ಪಾಠದಿಂದ ಹೆಕ್ಕಿ ತಂದಿದ್ದಳು.

"ಹಾಂ ಹಾಂ, ಥ್ಯಾಂಕ್ಯೂ," ಎಂದರು ಡಾಕ್ಟರು.

ಸೋನಾಲಿ ಗ್ಲೌಸಿನತ್ತ ಕೈ ಚಾಚಿದಳು. "ಮ್ಯಾಮ್, ಸರ್ ಕೋ ಗ್ಲೌಸ್..."

"ನಾ ಹೇಳೀನಲ್ಲ. ನೀ ಬಣ್ಣ ನೋಡು."

ಡಾಕ್ಟರು ನಲ್ಲಿ ತಿರುಗಿಸಿದರು. ದ್ರವ ಹೆಬ್ಬೆರಳ ಮೇಲೆ, ಬೆರಳ ಸಂದಿಗಳಲ್ಲಿ ಹರಿಯಿತು. ಕರ್ಚೀಫಿನಿಂದ ಒರೆಸಿಕೊಂಡು ಫೋಟೋಕ್ಕೆ ನಿಂತರು. ಹಳದಿ ಕೆಂಪಾಯಿತು, ಎಲ್ಲರೂ ಚಪ್ಪಾಳೆ ತಟ್ಟಿದರು.

ಮರುದಿನ ಡಾಕ್ಟರ ಫೋನ್ ಬಂತು, ಬೆರಳು ಕಪ್ಪಾಗಿವೆ, ಪೇಷಂಟುಗಳು ಮುಟ್ಟಗೊಡುವುದಿಲ್ಲ, ಯಾಕೆ ಹೇಳಲಿಲ್ಲ ಎಂದು. "ಮ್ಯಾಡಮ್, ಮೇರೀ ಉಂಗ್ಲಿಯಾಂ ಕಾಲೀ ಹೋ ಗಯೀ! ಪೇಷಂಟ್ ಲೋಗ್ ಹಾಥ್ ಲಗಾನೇ ನಹೀಂ ದೇತೇ. ಆಪ್‌ನೇ ಬತಾಯಾ ಕ್ಯೋಂ ನಹೀಂ?"

"ಮೈನೇ ತೋ ಬೋಲಾ ಥಾ," ಎಂದಳು ಅನುರಾಧಾ. "ಕನ್ನಡ ಮೇಂ. ಸಮಝೇ ನಹೀಂ ತೋ ಮೈ ಕ್ಯಾ ಕರೂಂ?"

ನೀವು ಯಾರು ಎಂದು ಡಾಕ್ಟರು ದನಿ ಏರಿಸಿದರು: "ಆಪ್ ಹೈಂ ಕೌನ್?"

"ಹಾಲವ್ವನ ಮಗಳು."

"ಕೌನ್ ಹಾಲವ್ವ?"

"ಮಿರ್ಚಿವಾಲೀ."

ಲೈನ್ ಕಡಿದುಹೋಯಿತು. ತಪ್ಪಾಯಿತು ಎಂಬ ಮಾತು ಬರಲಿಲ್ಲ.

ಸಂಜೆ ಅವಳು ಅವ್ವನ ಮಗ್ಗುಲಲ್ಲಿ ಕೂತು ಎಲ್ಲವನ್ನೂ ಹೇಳಿದಳು. ಖಂಡಪ್ಪ ಬಾಗಿಲ ಕಡೆ ಮುಖ ಮಾಡಿಕೊಂಡು ಕೇಳುತ್ತಿದ್ದ. ಹಾಲವ್ವನ ಅರ್ಧ ಬಾಯಿ ನಕ್ಕಿತು.

"ಎಷ್ಟ ದಿನ ಇರ್ತದ ಆ ಕರಿ?" ತೊದಲುತ್ತ ಕೇಳಿದಳು.

"ಮ್ಯಾಲಿನ ಚರ್ಮ ಉದುರೂತನಕ. ಎರಡು ವಾರ."

ಹಾಲವ್ವ ಎಡಗೈಯಿಂದ ಬಲಗೈಯನ್ನು ಎತ್ತಿ, ಬೇರೆ ಯಾರದೋ ವಸ್ತುವೆಂಬಂತೆ ತೊಡೆಯ ಮೇಲೆ ಇಟ್ಟುಕೊಂಡು ನೋಡಿದಳು.

"ಅಷ್ಟ?"

"ಸಾಕ್ ಬಿಡ, ಆತಲ್ಲ," ಎಂದ ಖಂಡಪ್ಪ, ತಿರುಗದೆ.

ಅವಳು ಗಂಡನ ಮಾತಿಗೆ ಕಿವಿಗೊಡಲಿಲ್ಲ. "ಮುಂದಿನ ವರ್ಷ ಮತ್ತ ಕರಿ ಅವನ್ನ," ಎಂದಳು ಮಗಳಿಗೆ.