ಅಂಗಮ್ಮಾಳ್ ಹೆಸರಿನ ಕೆಳಗೆ ಬೇರೆ ಮುಖ

ಮಲರ್ವಿಳಿಯ ಅಮ್ಮ ಅಂಗಮ್ಮಾಳ್ ಮೂವತ್ತು ವರ್ಷ ದಿಂಡಿಗಲ್ಲಿನ ಹೂವಿನ ಮಾರ್ಕೆಟ್ಟಿನಲ್ಲಿ ಕೂತು ಮಲ್ಲಿಗೆ ಕಟ್ಟಿದವಳು. ಹೆಸರು ಹಿಡಿದು ಕರೆದವರೇ ಇಲ್ಲ. ಮನೆಯಲ್ಲಿ 'ಏಯ್', ಮಾರ್ಕೆಟ್ಟಿನಲ್ಲಿ 'ಮಲ್ಲಿಗೆಯಮ್ಮ'. ಆ ಹೆಸರು ಮೊದಲ ಸಲ ಅಚ್ಚಾದದ್ದು ಅವಳು ಸತ್ತ ಮೇಲೆ, ಕಣ್ಣೀರಂಜಲಿ ಎಂಬ ಶ್ರದ್ಧಾಂಜಲಿ ಪೋಸ್ಟರಿನಲ್ಲಿ. ಸೋದರಮಾವ ತವಮಣಿ ಅದನ್ನು ಊರ ಗೋಡೆಗೆಲ್ಲ ಅಂಟಿಸಿದ್ದ. ಕಪ್ಪು ಕನ್ನಡಕ ಹಾಕಿ ಕೈಮುಗಿದ ಅವನ ಫೋಟೋವೇ ಅದರಲ್ಲಿ ದೊಡ್ಡದು. ಸತ್ತವಳಿಗೆ ಮೂಲೆಯಲ್ಲಿ ಅಂಗೈಯಗಲ ಜಾಗ.

ಆರನೇ ದಿನ ಬೆಳಗ್ಗೆ, ಅಮ್ಮನ ಜಾಗದಲ್ಲಿ ಹೂ ಕಟ್ಟುತ್ತಾ ಕೂತಿದ್ದ ಮಲರ್ವಿಳಿಯ ಎದುರು ಅವಳದೇ ವಯಸ್ಸಿನ, ಹತ್ತೊಂಬತ್ತರ ಹುಡುಗನೊಬ್ಬ ಬಂದು ನಿಂತ. ಹೆಸರು ಚೆಲ್ಲಪಾಂಡಿ.

"ಎಷ್ಟು ಮೊಳ?"

"ಹೂ ಬೇಡ. ಅಂಗಮ್ಮಾಳ್ ಮಗಳು ನೀನೇನಾ? ಇವತ್ತು ನೋಡ್ದೆ, ನಿಮ್ಮ ಪೋಸ್ಟರಲ್ಲಿರೋದು ನಮ್ಮಮ್ಮ."

"ಬೆಳಬೆಳಗ್ಗೆ ಕುಡಿದು ಬಂದ್ಯಾ?"

ಅವನು ವಾದಿಸಲಿಲ್ಲ. ಮೂಲೆಯ ಗೋಡೆಯ ತನಕ ಕರೆದೊಯ್ದು ತೋರಿಸಿದ. ಅಂಗಮ್ಮಾಳ್ ಎಂಬ ಹೆಸರಿನ ಕೆಳಗೆ ದಪ್ಪ ಮೂಗುತಿಯ ಯಾರೋ ಹೆಂಗಸು ನಗುತ್ತಿದ್ದಳು. ಅವನ ತಾಯಿ ಪೇಚಿಯಮ್ಮಾಳ್ ತೀರಿಕೊಂಡದ್ದೂ ಅದೇ ದಿನ. ಎರಡೂ ಪೋಸ್ಟರು ಒಂದೇ ಅಂಗಡಿಯಲ್ಲಿ ಅಚ್ಚಾಗಿ ಮುಖಗಳು ಅದಲುಬದಲಾಗಿದ್ದವು.

ಮಲರ್ವಿಳಿ ಅಲ್ಲೇ ಮಾವನಿಗೆ ಫೋನು ಹಚ್ಚಿದಳು. "ಮಾಮ, ಪೋಸ್ಟರು ಸರಿಯಾಗಿ ನೋಡಿದ್ಯಾ?"

"ನೋಡ್ದೆ ಕಣೇ. ನಾನು ಸ್ವಲ್ಪ ಕಪ್ಪಾಗಿ ಬಂದಿದ್ದೀನಿ."

"ಅಮ್ಮ?"

"ಅವಳಿಗೇನಾಗಿದೆ, ಚೆನ್ನಾಗೇ ಇದ್ದಾಳಲ್ಲ!"

ಅವಳ ಮೈಯೆಲ್ಲ ಉರಿದುಹೋಯಿತು. ಐದು ದಿನ! ಪೋಸ್ಟರಿನಲ್ಲಿ ಹೆಸರು ಹಾಕಿಸಿಕೊಂಡ ಹನ್ನೆರಡು ಜನ ನೆಂಟರಲ್ಲಿ ಒಬ್ಬರಿಗಾದರೂ ಕಣ್ಣಿರಬಾರದೇ? ಅಚ್ಚಿನ ಅಂಗಡಿಗೆ ಹೋಗಿ ಕೇಳಿದರೆ ಅಂಗಡಿಯವನಂತೂ, "ಹದಿನಾರನೇ ದಿನದ ತಿಥಿಗೆ ಹೇಗೂ ಇನ್ನೊಂದು ಮಾಡಿಸ್ತೀರಲ್ಲಮ್ಮ, ಆಗ ಸರಿ ಮಾಡೋಣ" ಎಂದು ಆಕಳಿಸಿದ.

"ಅಲ್ಲಿವರೆಗೂ ನಮ್ಮಮ್ಮ ಯಾರದೋ ಹೆಸರಲ್ಲಿ ನೇತಾಡ್ತಿರಬೇಕಾ? ಬಾರೋ, ನಾವೇ ಮಾಡೋಣ" ಎಂದಳು. ಚೆಲ್ಲಪಾಂಡಿ ತಲೆಯಾಡಿಸಿದ.

ಎರಡೂ ಮನೆಯಲ್ಲಿ ಉಳಿದಿದ್ದ ಪೋಸ್ಟರು ತಂದು, ಮುಖಗಳನ್ನು ಕತ್ತರಿಸಿ, ಗೋಡೆಯಿಂದ ಗೋಡೆಗೆ ನಡೆದು ತಪ್ಪು ಮುಖದ ಮೇಲೆ ಸರಿಯಾದದ್ದು ಅಂಟಿಸಿದರು. ದಾರಿಯುದ್ದಕ್ಕೂ ಮಲರ್ವಿಳಿ ಮಾವನನ್ನು, ನೆಂಟರನ್ನು, ಇಡೀ ಊರನ್ನು ಬೈದಳು. ಚೆಲ್ಲಪಾಂಡಿ ಮಾತ್ರ ಅಂಗಮ್ಮಾಳ್ ಕಿವಿಯೋಲೆ ತುಂಡಾಗದ ಹಾಗೆ ನಿಧಾನವಾಗಿ ಕತ್ತರಿ ಆಡಿಸುತ್ತಿದ್ದ. ಅದನ್ನು ಕಂಡಾಗಲಷ್ಟೇ ಅವಳ ಬಾಯಿ ಒಂದು ಗಳಿಗೆ ಸುಮ್ಮನಾಗುತ್ತಿತ್ತು.

ಕೊನೆಗೆ ಬಸ್ ಸ್ಟ್ಯಾಂಡಿನ ಗೋಡೆ. ಅಲ್ಲಿದ್ದದ್ದು ಪೇಚಿಯಮ್ಮಾಳ್ ಹೆಸರಿನ ಪೋಸ್ಟರು. ಮೂಲೆಯಿಂದ ಅವಳ ಅಮ್ಮ ನೇರವಾಗಿ ಅವಳನ್ನೇ ನೋಡುತ್ತಿದ್ದಳು.

ಮಲರ್ವಿಳಿ ಬ್ರಷ್ಷು ಕೆಳಗಿಟ್ಟಳು. "ಇದು ಯಾವಾಗ ಅಂಟಿಸಿದ್ದು?"

"ಮೊದಲನೇ ದಿನಾನೇ."

"ನಾನು ದಿನಾ ಎರಡು ಸಲ ಇಲ್ಲೇ ಬಸ್ ಹತ್ತೋದು ಕಣೋ. ಊರಿಗೆಲ್ಲ ಬೈದೆ. ನಾನೇ ನೋಡಿಲ್ಲ. ಯಾವ ಪೋಸ್ಟರು ಕಂಡರೂ ಮುಖ ತಿರುಗಿಸ್ಕೊಂಡು ಹೋಗ್ತಿದ್ದೆ. ನಮ್ಮಮ್ಮನ್ನೇ ದಾಟ್ಕೊಂಡು ಹೋದೆ."

"ನಮ್ಮ ಮನೆ ಎದುರಿಗೇ ಒಂದಿದೆ," ಎಂದ ಚೆಲ್ಲಪಾಂಡಿ. "ನಮ್ಮಮ್ಮನ ಹೆಸರು, ನಿಮ್ಮಮ್ಮನ ಮುಖ. ಐದು ದಿನ ನಾನೂ ತಲೆ ತಗ್ಗಿಸ್ಕೊಂಡೇ ಓಡಾಡಿದೆ."

ಮಲರ್ವಿಳಿ ಬ್ರಷ್ಷು ಎತ್ತಿಕೊಂಡು ಅಂಟು ಬಳಿದಳು. ಪೇಚಿಯಮ್ಮಾಳ್ ಮುಖವನ್ನು ಅವನ ಕೈಗೆ ಕೊಟ್ಟು ಹೇಳಿದಳು:

"ತಲೆ ಎತ್ತು. ನೋಡಿ ಅಂಟಿಸು."