ಹತ್ತನೇ ಕ್ಲಾಸಿನ ಕಿಟಕಿ

ರಾಯಚೂರಿನಲ್ಲಿ ನಾನು ಓದಿದ ಹೆಣ್ಣುಮಕ್ಕಳ ಶಾಲೆ ಈ ವರ್ಷಕ್ಕೆ ಮುಚ್ಚುತ್ತಿದೆ. ಆಂಗ್ಲಿಕನ್ ಮಿಷನ್ನಿನವರು ಕಟ್ಟಿದ ಶಾಲೆ ಅದು. ನಾನು ಮಾನ್ವಿಯಲ್ಲಿ ಪತ್ರಿಕೆಯ ವರದಿಗಾರ್ತಿ ಎಂಬ ಕಾರಣಕ್ಕೆ, ಬೀಳ್ಕೊಡುಗೆಯ ದಿನ ಹಂಚುವ ಪುಸ್ತಕಕ್ಕೆ ಶಾಲೆಯ ಇತಿಹಾಸ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಕಟ್ಟಡ, ಮುಖ್ಯೋಪಾಧ್ಯಾಯಿನಿಯರು, ಬಹುಮಾನಗಳು ಎಲ್ಲವನ್ನೂ ಬರೆದೆ. ಗೇಟಿನ ನಿಯಮದ ಬಗ್ಗೆ ಒಂದೇ ಪ್ಯಾರಾ ಬರೆದೆ. ಪುಸ್ತಕದಲ್ಲಿ ಅದಕ್ಕಿಂತ ಹೆಚ್ಚು ಜಾಗ ಇರಲಿಲ್ಲ.

ಆ ನಿಯಮ ನಿಜಾಮರ ಕಾಲದ್ದು. ಆಗ ಹುಡುಗಿಯರು ಪರದೆ ಕಟ್ಟಿದ ಗಾಡಿಗಳಲ್ಲಿ ಬರುತ್ತಿದ್ದರಂತೆ. ಶಾಲೆಗೆ ಹಾಸ್ಟೆಲ್ ಇರಲಿಲ್ಲ. ಸಂಜೆ ನಿಮ್ಮ ಮಗಳನ್ನು ನಿಮ್ಮ ಮನೆಯ ಹಿರಿಯರ ಕೈಗೇ ಒಪ್ಪಿಸುತ್ತೇವೆ ಎಂದು ಇಂಗ್ಲೆಂಡಿನಿಂದ ಬಂದ ಟೀಚರುಗಳು ಮನೆಮನೆಗೆ ಹೋಗಿ ಮಾತು ಕೊಟ್ಟ ಮೇಲೆಯೇ ಜನ ಮಕ್ಕಳನ್ನು ಕಳಿಸಿದ್ದು. ಗಾಡಿಗಳು ಹೋದವು, ಬಸ್ಸುಗಳು ಬಂದವು. ನಿಯಮ ಹಾಗೇ ಉಳಿಯಿತು.

ನಮ್ಮೂರು ಯಾಪಲದಿನ್ನಿ. ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು. ಅಕ್ಕನನ್ನೂ ನನ್ನನ್ನೂ ಕರೆತರುತ್ತಿದ್ದವನು ಅಜ್ಜ. ಕುರಿಗಳನ್ನು ಅಪ್ಪನಿಗೆ ಬಿಟ್ಟುಕೊಟ್ಟು, ಗೇಟಿನ ಹೊರಗಿನ ಕಲ್ಲಿನ ಮೇಲೆ ಕುಳಿತು ದಿನವಿಡೀ ಉಣ್ಣೆ ನೂಲುತ್ತಿದ್ದ. ನಡುವೆ ಊರಿಗೆ ಹೋಗಿಬರಲು ಬಸ್ಸಿರಲಿಲ್ಲ.

ಅಕ್ಕ ಒಂಬತ್ತನೇ ತರಗತಿಯಲ್ಲಿದ್ದಾಗ ಅಜ್ಜ ಹಾಸಿಗೆ ಹಿಡಿದ. ಅವನ ಕಣ್ಣಮುಂದೆ ಒಂದು ಲಗ್ನವಾಗಲಿ ಎಂದು ಹಿರಿಯರು ನಿಶ್ಚಯಿಸಿದರು. ಬೇಸಿಗೆಯಲ್ಲಿ ಅಕ್ಕನ ಲಗ್ನವಾಯಿತು, ಗಂಡನ ಮನೆ ದೇವದುರ್ಗದಲ್ಲಿ. ಅವಳನ್ನು ಅಲ್ಲಿಗೆ ಕಳಿಸುವುದು ಒಂದು ವರ್ಷದ ನಂತರ ಎಂದು ಮಾತಾಗಿತ್ತು. ಅಕ್ಷತೆ ಹಾಕಿದ ಅಜ್ಜ ಮಳೆಗಾಲಕ್ಕೆ ಮೊದಲೇ ತೀರಿಕೊಂಡ.

ಲಗ್ನವಾದ ಹುಡುಗಿಯನ್ನು ಶಾಲೆ ಸೇರಿಸಿಕೊಳ್ಳುತ್ತಿರಲಿಲ್ಲ. ಹಿರಿಯರಿಲ್ಲದೆ ಬಂದ ನನ್ನನ್ನು ಸಂಜೆ ಹೊರಗೆ ಬಿಡುತ್ತಿರಲಿಲ್ಲ. ಅಪ್ಪ ಎರಡನ್ನೂ ಕೂಡಿಸಿ ನೋಡಿದ. "ಲಗ್ನ ಆದಾಕಿ ದೊಡ್ಡಾಕಿ ಅಲ್ಲೇನು? ಆಕಿನs ಕರ್ಕೊಂಡು ಹೋಗ್ಲಿ," ಎಂದ.

ಜೂನ್‌ನಲ್ಲಿ ಅಕ್ಕ ಸೀರೆ ಉಟ್ಟು ನನ್ನ ಜೊತೆ ಬಸ್ಸು ಹತ್ತಿದಳು. ಸಂಜೆ ಕಾವಲುಗಾರ ನನ್ನನ್ನು ತಡೆದು, "ಮನಿಯಿಂದ ದೊಡ್ಡೋರು ಯಾರು ಬಂದಾರ?" ಎಂದ. ಅಕ್ಕ ತಾಳಿ ಎತ್ತಿ ತೋರಿಸಿದಳು. "ನಾನs ದೊಡ್ಡಾಕಿ. ನೋಡ್ಕೊಳ್ರಿ." ಪ್ರತಿದಿನ ಮೊಮ್ಮಗಳಿಗಾಗಿ ಬಂದು ಕೂಡುತ್ತಿದ್ದ, ಎಲೆಅಡಿಕೆ ಡಬ್ಬಿಯ ಮುದುಕಿಯೊಬ್ಬಳು ನಕ್ಕುಬಿಟ್ಟಳು. "ಭಾಳ ದೊಡ್ಡಾಕಿ ಬೇ ನೀ! ಮತ್ತ ನಿನ್ನ ಕರ್ಕೊಂಡು ಹೋಗಾಕ ಯಾರು ಬರ್ತಾರ?"

ಕಾವಲುಗಾರ ನನ್ನನ್ನು ಬಿಟ್ಟ. ದಿನವಿಡೀ ಅಜ್ಜನ ಕಲ್ಲಿನ ಮೇಲೆ ಈಗ ಅಕ್ಕ ಕೂಡುತ್ತಿದ್ದಳು. ಹತ್ತನೇ ಕ್ಲಾಸಿನ ಕಿಟಕಿ ಗೇಟಿನ ಕಡೆಗೇ ತೆರೆಯುತ್ತಿತ್ತು. ಒಳಗೆ ಅವಳ ಗೆಳತಿಯರು ಇದ್ದರು. ಗಣಿತದ ಟೀಚರದು ಮೊದಲಿನಿಂದಲೂ ಮೆತ್ತನೆಯ ದನಿ. ಆ ವರ್ಷ ಅವರ ಪಾಠ ನಮ್ಮ ಆರನೇ ಕ್ಲಾಸಿನವರೆಗೂ ಕೇಳಿಸತೊಡಗಿತು. ಒಬ್ಬ ಹುಡುಗಿ, "ಟೀಚರ್, ನಾವೇನು ಕಿವುಡ್ರೇನ್ರಿ?" ಎಂದು ಕೇಳಿದಳಂತೆ. "ಹೊರಗ ಗದ್ದಲ ಭಾಳ ಅದ, ಸುಮ್ನ ಬರ್ಕೊ," ಎಂದರಂತೆ. ಹೊರಗೆ ಅಂಥ ಗದ್ದಲವೇನೂ ಇರಲಿಲ್ಲ. ಅಕ್ಕ ಕಡ್ಡಿಯಿಂದ ಮಣ್ಣಿನಲ್ಲಿ ಲೆಕ್ಕ ಬಿಡಿಸುತ್ತಿದ್ದಳು, ಕಾಲಿನಿಂದ ಅಳಿಸುತ್ತಿದ್ದಳು.

ಸಂಜೆ ನಾನು ಹೊರಬಂದ ಕೂಡಲೇ ಅವಳು ನನ್ನ ಪಾಟಿಚೀಲ ತೆಗೆದು ತನ್ನ ಹೆಗಲಿಗೆ ಹಾಕಿಕೊಳ್ಳುತ್ತಿದ್ದಳು. ಸೀರೆಯ ಮೇಲೆ ಪಾಟಿಚೀಲ. ಬಸ್ಸಿನಲ್ಲಿಯೂ ಕೆಳಗಿಳಿಸುತ್ತಿರಲಿಲ್ಲ. ಊರು ಕಾಣಿಸಿದಾಗ ಮಾತ್ರ ನನಗೆ ಕೊಡುತ್ತಿದ್ದಳು.

ದೀಪಾವಳಿ ಕಳೆದ ಮೇಲೆ ಟೀಚರು ಅಪ್ಪನಿಗೆ ಹೇಳಿಕಳಿಸಿದರು. ಅಪ್ಪ ಬಂದು ಗೇಟಿನಲ್ಲಿ ಕೈಮುಗಿದು ನಿಂತ. ಟೀಚರು ಅಕ್ಕನನ್ನು ತೋರಿಸಿ ಹೇಳಿದರು, "ಯಪ್ಪಾ, ಕ್ಲಾಸಿಗಿ ಬರದಿದ್ರೂ ಹೊರಗಿನಿಂದ ಫೀ ಕಟ್ಟಿ ಆಕಿ ಪರೀಕ್ಷೆ ಬರೀಬಹುದು. ಮುಗಿಯೋತನಕ ಆಕಿನ್ನ ಗಂಡನ ಮನಿಗಿ ಕಳಿಸಬ್ಯಾಡ್ರಿ. ಅಷ್ಟs ಕೇಳಾಕತ್ತೀನಿ." ಅಪ್ಪ, "ಆತ್ರೀ ಟೀಚರ್," ಎಂದ. ಆ ರಾತ್ರಿ ಅಕ್ಕ ಉಣ್ಣುವಾಗ ಸುಮ್ಮಸುಮ್ಮನೆ ನಗುತ್ತಿದ್ದಳು.

ಪರೀಕ್ಷೆಗೆ ಕೆಲವೇ ವಾರಗಳಿದ್ದಾಗ ದೇವದುರ್ಗದಿಂದ ಬೀಗರು ಬಂದರು. ಮೆಣಸಿನಕಾಯಿ ಬಿಡಿಸುವ ಕಾಲ, ಅತ್ತೆಗೆ ಸೊಂಟ ಹಿಡಿದಿತ್ತು, ಹೊಲಕ್ಕೂ ಅಡುಗೆಗೂ ಕೈ ಬೇಕಿತ್ತು. ಅಕ್ಕ ಬಾಗಿಲ ಮರೆಯಲ್ಲಿ ನಿಂತು ಅಪ್ಪನನ್ನು ನೋಡಿದಳು. ಅಪ್ಪ ಅವಳ ಕಡೆ ನೋಡಲಿಲ್ಲ. "ಪರೀಕ್ಷಿ ಮುಂದಿನ ವರ್ಷನೂ ಬರ್ತದ ಯವ್ವಾ. ಬೀಗರು ಬಂದು ಕುಂತಾರ," ಎಂದ.

ಮುಂದಿನ ವರ್ಷ ಅವಳ ಮಡಿಲಲ್ಲಿ ಮಗುವಿತ್ತು.

ಅವಳು ಹೋದ ಮೇಲೆ ಬೆಳಿಗ್ಗೆ ಅಪ್ಪ ನನ್ನನ್ನು ಬಸ್ಸಿಗೆ ಹತ್ತಿಸುತ್ತಿದ್ದ. ಸಂಜೆ ಎಲೆಅಡಿಕೆಯ ಮುದುಕಿ ಕಾವಲುಗಾರನಿಗೆ, "ಈಕಿ ನಮ್ಮನಿ ಹುಡುಗಿ, ಬಿಡು," ಎಂದು ಹೇಳಿ ಬಸ್‌ಸ್ಟ್ಯಾಂಡಿನವರೆಗೆ ಬರುತ್ತಿದ್ದಳು. ನಾನು ಓದಿದೆ.

ಬೀಳ್ಕೊಡುಗೆಯ ದಿನ ಅಕ್ಕನನ್ನು ದೇವದುರ್ಗದಿಂದ ಕರೆಸಿಕೊಂಡೆ. ಗೇಟು ಪೂರ್ತಿ ತೆರೆದಿತ್ತು, ಕೇಳುವವರು ಯಾರೂ ಇರಲಿಲ್ಲ. ಭಾಷಣಗಳು ನಡೆದಿರುವಾಗ ಅವಳು ನನ್ನ ಕೈ ಜಗ್ಗಿ, "ಹತ್ತನೇದ್ರೊಳಗ ಹೋಗೋಣ ಬಾ," ಎಂದಳು. ಒಂಬತ್ತನೇ ಕ್ಲಾಸು ದಾಟಿ ಅಲ್ಲಿಗೆ ಹೋದೆವು. ಬೆಂಚುಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು. ಅಕ್ಕ ಕರಿಹಲಗೆಯನ್ನು ನೋಡಲಿಲ್ಲ, ನೇರ ಕಿಟಕಿಗೆ ಹೋದಳು. ಸರಳು ಹಿಡಿದು ಹೊರಗಿನ ಕಲ್ಲನ್ನು ಬಹಳ ಹೊತ್ತು ನೋಡಿದಳು.

"ಇಲ್ಲಿಂದ ನಾ ಪೂರಾ ಕಾಣ್ತಿದ್ದೆ," ಎಂದಳು.

ನಾನೊಂದು ಬೆಂಚನ್ನು ಇಳಿಸಿ ಸೆರಗಿನಿಂದ ಒರೆಸಿದೆ. "ಕುಂದ್ರು ಅಕ್ಕಾ."

"ಬ್ಯಾಡ ಬೇ. ಬಸ್ಸಿಗಿ ಹೊತ್ತಾತು."

ಗೇಟು ದಾಟಿದ ಕೂಡಲೇ ಅವಳ ಕೈ ನನ್ನ ಹೆಗಲಿಗೆ ಬಂತು. ನನ್ನ ಚೀಲ ತೆಗೆದು ತನ್ನ ಹೆಗಲಿಗೆ ಹಾಕಿಕೊಂಡಳು. ಬಸ್‌ಸ್ಟ್ಯಾಂಡಿನವರೆಗೆ ಹಾಗೇ ನಡೆದಳು. ದೇವದುರ್ಗದ ಬಸ್ಸು ಬಂದು ನಿಂತಾಗ ತಿರುಗಿ ಕೊಟ್ಟಳು.