ಹಸಿ ಜಾಲಿ

ರೇಣುಕಾ, ಅವತ್ತು ನಿಮ್ಮಪ್ಪ ಗುಳೆ ಹೋಗಿರಲಿಲ್ಲ. ಮನೆಯೊಳಗೇ ಇದ್ದ. ಬಾಗಿಲಿಗೆ ಜಾಲಿಮುಳ್ಳು ಹಚ್ಚಿದವಳು ನಾನು — ನಿನ್ನ ಸೋದರತ್ತೆ. ಆಮೇಲೆ ಕೋರ್ಟಿನಲ್ಲಿ ಸುಳ್ಳು ಹೇಳಿದವಳೂ ನಾನೇ.

ನೀನಾಗ ಕಂಕುಳ ಕೂಸು. ನಿಮ್ಮವ್ವ ಹನುಮಕ್ಕ ಜಗಳವಾಡಿ, ನಿನ್ನನ್ನೆತ್ತಿಕೊಂಡು ರಾಯದುರ್ಗದ ಕಡೆಯ ತವರಿಗೆ ಹೋಗಿ, ಅಲ್ಲಿ ಆಂಧ್ರದ ಕೋರ್ಟಿನಲ್ಲಿ ನಿನ್ನ ಜೀವನಾಂಶಕ್ಕೆ ಕೇಸು ಹಾಕಿದ್ದಳು. ನನ್ನ ತಮ್ಮ ತಿಪ್ಪೇಶನಿಗೆ ಒಂದೇ ದಿಗಿಲು. "ಅಕ್ಕಾ, ನೋಟೀಸು ಕೈಯಾಗ ಬಂತಂದ್ರ ನಾನು ಸಿಕ್ಕಿಬಿದ್ದಂಗ" ಎಂದು ನನ್ನ ಮುಂದೆ ಅತ್ತ.

ನಮ್ಮ ಕೂಡ್ಲಿಗಿ ಕಡೆ ಮನೆಮಂದಿ ದುಡಿಯಲು ಗುಳೆ ಹೊರಟರೆ ಬೀಗ ಹಾಕಿ, ಬಾಗಿಲಿಗೆ ಅಡ್ಡವಾಗಿ ಜಾಲಿಯ ಕೊಂಬೆ ಇಟ್ಟು ಹೋಗುತ್ತಾರೆ. ಮುಳ್ಳು ಕಂಡರೆ ಯಾರೂ ಕೂಗಿ ಕರೆಯುವುದಿಲ್ಲ. ಕಬ್ಬು ಕಡಿಯಲೋ ಕಾಫಿ ತೋಟಕ್ಕೋ ಹೋಗಿದ್ದಾರೆ, ಬರುವುದು ತಡ ಎಂದು ತಿಳಿದುಕೊಳ್ಳುತ್ತಾರೆ.

ನೋಟೀಸು ತಂದ ಕೋರ್ಟಿನ ಅಮೀನ ಬಸ್ಸಿಳಿದು, ನನ್ನ ಮನೆಯ ಪಕ್ಕದಲ್ಲೇ ಇದ್ದ ತಮ್ಮನ ಮನೆ ವಿಚಾರಿಸುತ್ತಿದ್ದಾನೆ ಎಂದು ಯಾರೋ ಓಡಿಬಂದು ಹೇಳಿದರು. ತಮ್ಮನನ್ನು ಒಳಗೆ ಕೂರಿಸಿ ಹೊರಗಿನಿಂದ ಬೀಗ ಹಾಕಿದೆ. ಹಿತ್ತಲಿಗೆ ಓಡಿ ಜಾಲಿ ಕಡಿದು ತಂದು ಅಡ್ಡ ಹಚ್ಚಿದೆ. ಒಣಗಿದ್ದನ್ನು ತರಬೇಕೆಂದು ಹೊಳೆಯಲೇ ಇಲ್ಲ — ಅಥವಾ ಹೊಳೆದಿತ್ತೋ... ಈಗ ಹೇಳಲಾರೆ.

ಅಮೀನ ಮುಳ್ಳು ನೋಡಿ ಹಿಂತಿರುಗಿದ. ಮನೆ ತೋರಿಸಲು ಬಂದಿದ್ದ ನಿಮ್ಮವ್ವ ಮಾತ್ರ ಅಲ್ಲೇ ನಿಂತಳು. "ಅಕ್ಕಾ, ಜಾಲಿ ಇನ್ನೂ ಹಸೀನ ಐತಲ್ಲ" ಎಂದಳು. ಕೊಂಬೆಯಲ್ಲಿ ಹಳದಿ ಹೂವೂ ಇತ್ತು. ನೀನು ಅದಕ್ಕೆ ಕೈ ಚಾಚಿದೆ. ಮುಳ್ಳು ಚುಚ್ಚೀತೆಂದು ನಿನ್ನ ಕೈಯನ್ನು ನಾನೇ ಸರಿಸಿದೆ — ಅಷ್ಟು ಅಕ್ಕರೆ ಇತ್ತು ನೋಡು ನನಗೆ!

ಬೇಕೆಂದೇ ನೋಟೀಸು ತಪ್ಪಿಸಿಕೊಂಡನೆಂದು, ತಮ್ಮ ಹಾಜರಾಗದೆಯೇ ತೀರ್ಪಾಯಿತು. ಪ್ರತಿ ತಿಂಗಳು ನಿನಗೆ ಜೀವನಾಂಶ ಕೊಡಬೇಕೆಂದು ಆಜ್ಞೆ. ವಾರಂಟು ಹಿಡಿದು ಪೊಲೀಸರು ಬಂದ ಮೇಲೆ, ಗುಳೆ ಹೋಗಿದ್ದರಿಂದ ನೋಟೀಸೇ ಮುಟ್ಟಲಿಲ್ಲವೆಂದು ನಮ್ಮ ವಕೀಲರು ಆ ಆಂಧ್ರದ ಕೋರ್ಟಿಗೇ ಹೋಗಿ ಆ ತೀರ್ಪನ್ನು ಪ್ರಶ್ನಿಸಿದರು. ಸಾಕ್ಷಿ ನಾನು, ಊರ ಅಂಗನವಾಡಿ ಟೀಚರು. ನಿಮ್ಮವ್ವ ಹಸಿ ಜಾಲಿಯ ಮಾತೆತ್ತಿದಳು. ಜಡ್ಜರು ನನ್ನ ಕಡೆ ತಿರುಗಿದರು.

"ಆಡು ಎಳದು ಹಾಕ್ತಾವ್ರಿ ಸಾಹೇಬ್ರ. ಅದಕ್ಕ ನಾನಽ ಆಗಾಗ ಹೊಸಾದು ಕಡದು ಹಚ್ತಿದ್ದೆ."

ತೀರ್ಪು ರದ್ದಾಯಿತು. ಕೇಸು ಮತ್ತೆ ಮೊದಲಿನಿಂದ. ಕೂಲಿ ಬಿಟ್ಟು ಅಲೆದೂ ಅಲೆದೂ ಸೋತು, ನಿಮ್ಮವ್ವ ಕೋರ್ಟಿಗೆ ಬರುವುದನ್ನೇ ಬಿಟ್ಟಳು. ನಿನಗೆ ಸಿಗಬೇಕಾದದ್ದು ಏನೂ ಸಿಗಲಿಲ್ಲ.

ಯಾಕೆ ಹೇಳಿದೆ? ಆಡಿನ ಮಾತನ್ನು ವಕೀಲರು ಕಲಿಸಿರಲಿಲ್ಲ, ತಮ್ಮ ಕೇಳಿರಲಿಲ್ಲ. ನಾಲಿಗೆಗೆ ತಾನಾಗಿಯೇ ಬಂತು. ತಮ್ಮನ ಮೇಲಿನ ಪ್ರೀತಿಯೇ? ಮಕ್ಕಳಿಲ್ಲದ ನನ್ನ ಮಡಿಲಿನಿಂದ ನಿನ್ನನ್ನು ಕಿತ್ತುಕೊಂಡು ಹೋದಳೆಂಬ ಸಿಟ್ಟೇ? ಹಾಗಿದ್ದರೆ ಆ ಸಿಟ್ಟು ನಿನ್ನ ತುತ್ತಿನ ಮೇಲೇಕೆ... ಊರ ಮಕ್ಕಳಿಗೆಲ್ಲ ದಿನವೂ ಉಪ್ಪಿಟ್ಟು ಬಡಿಸುತ್ತಿದ್ದ ಕೈ ಇದು. ಇಷ್ಟು ವರ್ಷ ಯೋಚಿಸಿದರೂ ತಲೆಬುಡ ತಿಳಿಯುತ್ತಿಲ್ಲ.

ಹೋದ ವಾರ ನೀನಾಗಿಯೇ ಹುಡುಕಿಕೊಂಡು ಬಂದೆ. ಮಾರುದ್ದ ಬೆಳೆದಿದ್ದೀಯ. ಕಾಲು ಮುಟ್ಟಿ, "ಅಪ್ಪ ಆಗ ಊರಾಗ ಇದ್ದಿದ್ರ ನನ್ನ ಕೈ ಬಿಡ್ತಿದ್ದಿಲ್ಲ, ಅಲ್ಲೇನತ್ತಿ?" ಎಂದು ಕೇಳಿದೆ. ನಾನು ಹೂಂ ಎಂದುಬಿಟ್ಟೆ! ಕೋರ್ಟಿನ ಸುಳ್ಳಿಗಿಂತ ಈ ಹೂಂ ನನ್ನನ್ನು ಹೆಚ್ಚು ಸುಡುತ್ತಿದೆ.

ನಮ್ಮ ಮನೆಯಲ್ಲಿ ಆಡು ಇರಲಿಲ್ಲ ರೇಣುಕಾ. ಓಣಿಯಲ್ಲೂ ಇರಲಿಲ್ಲ. ಸೋಮವಾರ ರಾಯದುರ್ಗದ ಬಸ್ಸು ಹತ್ತಿ ಬಂದು ನಿಮ್ಮವ್ವನಿಗೂ ಇದನ್ನೇ ಹೇಳುತ್ತೇನೆ. ಅವಳು ಬಾಗಿಲು ತೆಗೆಯದಿದ್ದರೆ ಹೊರಗೇ ನಿಂತು ಹೇಳುತ್ತೇನೆ.